ಸೀಸನ್ ಮಧ್ಯೆ ಡೇನಿಯಲ್ ಜೋನ್ಸ್‌ನ ಕೈಬಿಟ್ಟಿದ್ದು ಜೈಂಟ್ಸ್‌ಗೆ ಸರಿಯಾದ ಲೆಕ್ಕನಾ? ಪರ-ವಿರೋಧ

ಪರ

ನನಗೆ ಈ ಕಡೆ ಬರಿ ಅಂದಿದ್ದಾರೆ, ಬರೀತೀನಿ. ಮನಸ್ಸು ಪೂರ್ತಿ ಇಲ್ಲ, ಯಾಕಂದ್ರೆ ಜೋನ್ಸ್ 2019ರಿಂದ ಆ ಟೀಮ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿ, ಅಂದ್ರೆ ಬಾಲ್ ಎಸೆದು ಆಟ ನಡೆಸೋನಾಗಿ, ಮೈ ಸವೆಸಿದವನು. ಆದ್ರೆ ಬರೀ ಲೆಕ್ಕ ಅಂತ ಕೂತ್ರೆ ನ್ಯೂಯಾರ್ಕ್ ಜೈಂಟ್ಸ್ ಮಾಡಿದ್ದು ಸರಿ ಅಂತಲೇ ಹೇಳಬೇಕಾಗುತ್ತೆ.

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಅಂದ್ರೆ ಆಟಗಾರರ ಸಂಬಳಕ್ಕೆ ಟೀಮ್ ಖರ್ಚು ಮಾಡೋ ಮಿತಿ, ಮಾಲೀಕ ಎಷ್ಟೇ ದೊಡ್ಡ ಕುಳ ಆಗಿದ್ರೂ ದಾಟೋ ಹಾಗಿಲ್ಲ. 2024ಕ್ಕೆ ಒಂದು ಟೀಮ್‌ಗೆ 255.4 ಮಿಲಿಯನ್ ಡಾಲರ್, 2025ಕ್ಕೆ 279.2. ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದ್ದಕ್ಕೆ ಕೊಡೋ ಸೈನಿಂಗ್ ಬೋನಸ್ ಆಟಗಾರನ ಕೈಗೆ ಬೇಗ ಹೋಗುತ್ತೆ, ಕ್ಯಾಪ್ ಲೆಕ್ಕದಲ್ಲಿ ಮಾತ್ರ ವರ್ಷವರ್ಷಕ್ಕೆ ಹಂಚಿ ಬರೀತಾರೆ. ಕಾಂಟ್ರ್ಯಾಕ್ಟ್ ಮುಗಿಯೋ ಮುಂಚೆ ಬಿಟ್ರೆ ಬರೀದೇ ಉಳಿದ ಪಾಲೆಲ್ಲ ಬಂದು ತಲೆ ಮೇಲೆ ಕೂರುತ್ತೆ, ಅದೇ ಡೆಡ್ ಮನಿ. ಜೂನ್ 1ರ ಒಳಗೆ ಬಿಟ್ರೆ ಅಷ್ಟೂ ಆ ವರ್ಷಕ್ಕೇ, ಆಮೇಲೆ ಬಿಟ್ರೆ ಆ ವರ್ಷದ ಪಾಲು ಮಾತ್ರ ಅದಕ್ಕೆ, ಮಿಕ್ಕಿದ್ದು ಮುಂದಿನ ವರ್ಷಕ್ಕೆ. ಜೋನ್ಸ್‌ನ ಬಿಟ್ಟಿದ್ದು 2024ರ ನವೆಂಬರ್ 22ಕ್ಕೆ, ಹಾಗಾಗಿ 2025, 2026ರ ಪಾಲು ತಲಾ ಸುಮಾರು 11 ಮಿಲಿಯನ್ ಸೇರಿ 22 ಮಿಲಿಯನ್ 2025ರ ಕ್ಯಾಪ್ ಮೇಲೆ ಬಿತ್ತು. ದೊಡ್ಡ ಮೊತ್ತನೇ, ಆದ್ರೆ ಇಟ್ಕೊಂಡಿದ್ರೆ 41 ಮಿಲಿಯನ್ ದಾಟ್ತಿತ್ತು.

ಹಾಗಾದ್ರೆ ಮಾರ್ಚ್ ತನಕ ಕಾದು ಬಿಡಬಹುದಿತ್ತಲ್ಲ ಅಂತೀರಿ. ಕಾಯೋದೇ ಅಪಾಯ. ಅವನ ಕಾಂಟ್ರ್ಯಾಕ್ಟ್‌ನಲ್ಲಿ 2025ಕ್ಕೆ 23 ಮಿಲಿಯನ್ ಇಂಜುರಿ ಗ್ಯಾರಂಟಿ ಇತ್ತು, ಅಂದ್ರೆ ಏಟು ಮಾಡ್ಕೊಂಡು ಮಾರ್ಚ್‌ನಲ್ಲಿ ಫಿಸಿಕಲ್ ಟೆಸ್ಟ್ ಪಾಸ್ ಆಗದೇ ಹೋದ್ರೆ ಆ ದುಡ್ಡು ಕೊಡಲೇಬೇಕು, ಕ್ಯಾಪ್‌ನಲ್ಲೂ ಬರೀಲೇಬೇಕು, ಡೆಡ್ ಮನಿ ಬೇರೆ. ಎರಡೂ ಸೇರಿದ್ರೆ 45 ಮಿಲಿಯನ್. ಏಟು ಮ್ಯಾಚ್‌ನಲ್ಲೇ ಆಗಬೇಕಂತಿಲ್ಲ, ಪ್ರಾಕ್ಟೀಸ್‌ನಲ್ಲಿ ದೊಡ್ಡ ಏಟಾದ್ರೂ ಸಾಕು. 2023ರ ನವೆಂಬರ್‌ನಲ್ಲಿ ಮಂಡಿಯ ಎಸಿಎಲ್ ಅನ್ನೋ ಲಿಗಮೆಂಟ್ ಹರ್ಕೊಂಡಿದ್ದ ಹುಡುಗ ಅವನು. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಟೀಮ್‌ಗೆ ಹೋದ್ಮೇಲೆ 2025ರ ಡಿಸೆಂಬರ್‌ನಲ್ಲಿ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಕಿತ್ತೋಯ್ತು, ಅದನ್ನ ನೋಡಿದಾಗ ಸಂಕಟ ಆಯ್ತು, ಆದ್ರೆ ಇಂಥ ಅಪಾಯಕ್ಕೇ ಟೀಮ್‌ಗಳು ಹೆದರೋದು.

ಇನ್ನೊಂದು ವಿಷಯ, ಬಿಟ್ಟುಬಿಡಿ ಅಂತ ಕೇಳಿದ್ದು ಜೋನ್ಸೇ. ಮಾಲೀಕ ಜಾನ್ ಮಾರಾ ಆಯ್ತು ಅಂದ್ರು.

ವಿರೋಧ

ಕ್ಯಾಪ್‌ನಲ್ಲಿ ಒಂದು ಡಾಲರೂ ಉಳೀಲಿಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ 41 ಆಗಬೇಕಿದ್ದು 22 ಆಯ್ತು ಅಂತ ಹೇಳೋರೆಲ್ಲ ಇದನ್ನ ನುಂಗಿಬಿಡ್ತಾರೆ. ನವೆಂಬರ್‌ನಲ್ಲಿ ಬಿಟ್ರೂ 2025ರ ಕ್ಯಾಪ್‌ಗೆ 22 ಮಿಲಿಯನ್, ಮಾರ್ಚ್‌ನಲ್ಲಿ ಬಿಟ್ಟಿದ್ರೂ ಅದೇ 22 ಮಿಲಿಯನ್. 2024ರ ಸಂಬಳ ಅಂತೂ ಮೊದಲೇ ಗ್ಯಾರಂಟಿ ಆಗಿತ್ತು, ಅದನ್ನ ಕೊಟ್ಟೇ ತೀರಬೇಕಿತ್ತು. ಆಟಗಾರರನ್ನ ಬೇರೆ ಟೀಮ್‌ಗೆ ಕೊಟ್ಟು ತಗೊಳ್ಳೋ ಟ್ರೇಡ್ ಗಡುವು ಮುಗಿದಿದ್ರಿಂದ ವೇವರ್‌ಗೆ, ಅಂದ್ರೆ ಬೇರೆ ಟೀಮ್ ಕಾಂಟ್ರ್ಯಾಕ್ಟ್ ಸಮೇತ ಎತ್ಕೊಳ್ಳೋ ಪಟ್ಟಿಗೆ ಹಾಕಿದ್ರು, ಬೇರೆ ಟೀಮ್ ಎತ್ಕೊಂಡಿದ್ರೆ ಉಳಿದ ಸಂಬಳನಾದ್ರೂ ಅವರ ತಲೆಗೆ ಹೋಗ್ತಿತ್ತು, ಯಾರೂ ಎತ್ಕೊಳ್ಳಲಿಲ್ಲ. ಹಂಗಿದ್ಮೇಲೆ ಉಳಿದಿದ್ದೇನು? ಒಂದು ಡಾಲರೂ ಇಲ್ಲ.

ಇಂಜುರಿ ಗ್ಯಾರಂಟಿ ಭಯ ಅಂತಾರೆ. ಬೆಂಚ್ ಮೇಲೆ ಕೋಟು ಹೊದ್ಕೊಂಡು ಕೂತವನಿಗೆ ಯಾರು ಬಂದು ಗುದ್ದುತ್ತಾರೆ ಸ್ವಾಮಿ? ಅಷ್ಟು ಭಯ ಇದ್ರೆ 2022ರ ಡಿಸೆಂಬರ್‌ನಲ್ಲಿ ರೇಡರ್ಸ್ ಟೀಮ್‌ನವರು ತಮ್ಮ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್‌ಗೆ ಮಾಡಿದ ಹಾಗೆ ಮಾಡಬಹುದಿತ್ತು. ಅವನಿಗೂ ದೊಡ್ಡ ಗ್ಯಾರಂಟಿ ಇತ್ತು, ಕೊನೇ ಎರಡು ಮ್ಯಾಚ್‌ಗೆ ಕೂರಿಸಿದ್ರು, ಟೀಮಿಂದ ದೂರ ಇರೋಕೆ ಬಿಟ್ರು, ಫೆಬ್ರವರಿಲಿ ಕಳಿಸಿಕೊಟ್ರು. ಜೈಂಟ್ಸ್‌ನವರು ಏನ್ ಮಾಡಿದ್ರು? ಕ್ವಾರ್ಟರ್‌ಬ್ಯಾಕ್ ಸಾಲಲ್ಲಿ ನಾಲ್ಕನೇಯವನಾಗಿ ಇಳಿಸಿದ್ರು, ಆ ವಾರ ಪ್ರಾಕ್ಟೀಸ್‌ನಲ್ಲಿ ಎದುರಾಳಿ ಹಾಗೆ ಆಡಿ ತೋರಿಸೋ ಸ್ಕೌಟ್ ಟೀಮ್ ಪರ ಸೇಫ್ಟಿ ಅನ್ನೋ ಡಿಫೆನ್ಸ್ ಜಾಗದಲ್ಲಿ ನಿಂತಿದ್ದ ಅಂತ ವರದಿ ಬಂತು. ಇಷ್ಟೆಲ್ಲ ಮಾಡಿ, ಅವನೇ ಬಿಡಿ ಅಂತ ಕೇಳಿದ ಅಂದ್ರೆ, ಆ ಜಾಗದಲ್ಲಿ ನೀವಿದ್ರೆ ಕೇಳ್ತಿರ್ಲಿಲ್ವಾ?

ನಾನಿರೋದು ನ್ಯೂಜೆರ್ಸಿಲಿ. ಬೆಂಗಳೂರಿಂದ ಬಂದ ಹೊಸದರಲ್ಲಿ ಈ ಆಟ ತಲೆಬುಡ ಅರ್ಥ ಆಗ್ತಿರ್ಲಿಲ್ಲ, ಆಫೀಸ್ ಗೆಳೆಯರು ಹಿಡ್ಕೊಂಡು ಹೋಗಿ ಹೋಗಿ ಹುಚ್ಚು ಹಿಡಿಸಿದ್ರು. 2024ರ ಅಕ್ಟೋಬರ್ 20ಕ್ಕೆ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಈಗಲ್ಸ್ ಮೇಲೆ ಮ್ಯಾಚ್, ಮಗನ್ನ ಕರ್ಕೊಂಡು ಹೋಗಿದ್ದೆ. ಕ್ವಾರ್ಟರ್‌ಬ್ಯಾಕ್‌ನ ಎಡಗಡೆ ಕಾಯೋ ನಮ್ಮ ಲೆಫ್ಟ್ ಟ್ಯಾಕಲ್ ಆಂಡ್ರ್ಯೂ ಥಾಮಸ್ ಪಾದದ ಗಾಯದಿಂದ ಆ ವಾರವೇ ಸೀಸನ್ ಪೂರ್ತಿ ಹೊರಗೆ. ಬಾಲ್ ಜೋನ್ಸ್ ಕೈಗೆ ಬರೋದೇ ತಡ ಎಡಗಡೆಯಿಂದ ಇಬ್ಬರು ಮೈಮೇಲೆ ಬೀಳೋರು. ಬೀಳ್ತಿದ್ದ, ಮೈ ಒದರಿಕೊಂಡು ಏಳ್ತಿದ್ದ, ಹೆಲ್ಮೆಟ್ ಸರಿ ಮಾಡ್ಕೊಂಡು ಮತ್ತೆ ಹೋಗಿ ನಿಲ್ತಿದ್ದ, ಒಂದು ಸಲನೂ ತನ್ನನ್ನ ಕಾಯಬೇಕಿದ್ದ ಲೈನ್‌ನವರ ಕಡೆ ತಿರುಗಿ ಕೈ ಎತ್ತಿ ಬೈದಿದ್ದು ನಾನು ನೋಡ್ಲಿಲ್ಲ. ಸುತ್ತ ಕೂತೋರೆಲ್ಲ ಅವನಿಗೇ ಬೂ ಹಾಕ್ತಿದ್ರು. ಆ ಕಡೆ ಸಾಕ್ವಾನ್ ಬಾರ್ಕ್ಲಿ, ನಾವೇ ಬಿಟ್ಟು ಕಳಿಸಿದ ಬಾರ್ಕ್ಲಿ, 176 ಗಜ ಓಡಿದ. 28-3ಕ್ಕೆ ಸೋತ್ವಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಜೋನ್ಸ್‌ನ ತೆಗೆದು ಬದಲಿ ಕ್ವಾರ್ಟರ್‌ಬ್ಯಾಕ್ ಡ್ರೂ ಲಾಕ್‌ನ ಇಳಿಸಿದ್ರು, ಅವನಿಂದಲೂ ಏನೂ ಆಗ್ಲಿಲ್ಲ. ಮಗ ಮನೆಗೆ ಬರೋವಾಗ ಕಾರಲ್ಲಿ ಕೇಳಿದ, ಅಪ್ಪಾ ಎಲ್ಲರೂ ಅವನನ್ನೇ ಯಾಕೆ ಬೈತಾರೆ ಅಂತ. ಜಾಸ್ತಿ ಸಂಬಳ ಅವನಿಗಲ್ವಾ ಅದಕ್ಕೆ ಅಂದೆ.

ಆ ಸಂಬಳ ಅವನು ಕದ್ದಿದ್ದಲ್ಲ. 2023ರ ಮಾರ್ಚ್‌ನಲ್ಲಿ 4 ವರ್ಷಕ್ಕೆ 160 ಮಿಲಿಯನ್ ಅಂತ ಕಾಂಟ್ರ್ಯಾಕ್ಟ್ ಮಾಡಿದ್ದು ಜನರಲ್ ಮ್ಯಾನೇಜರ್ ಜೋ ಶೇನ್, ಅದರೊಳಗೆ ಆ 23 ಮಿಲಿಯನ್ ಗ್ಯಾರಂಟಿ ಸೇರಿಸಿದ್ದೂ ಅವರ ಆಫೀಸೇ. ಕ್ಯಾಪ್ ಕೆಟ್ಟಿದ್ದು ಆವತ್ತು. ನವೆಂಬರ್‌ನಲ್ಲಿ ಮಾಡಿದ್ದು ಆ ತಪ್ಪನ್ನ ಒಬ್ಬನ ತಲೆಗೆ ಕಟ್ಟಿ ಗೇಟ್ ಆಚೆ ಬಿಟ್ಟಿದ್ದು ಅಷ್ಟೇ.

ಅದರಿಂದ ಟೀಮ್‌ಗೆ ಏನಾಯ್ತು ಅಂದ್ರೆ, ಬಿಟ್ಟ ಎರಡೇ ದಿನಕ್ಕೆ ಟ್ಯಾಂಪಾ ಬೇ ಕೈಲಿ 30-7 ಸೋತ್ರು, ನಮ್ಮ ಆಟಗಾರ ಮಲಿಕ್ ನೇಬರ್ಸ್ ಮೀಡಿಯಾ ಮುಂದೆನೇ ಟೀಮ್ ಮೆತ್ತಗೆ ಆಡ್ತು ಅಂತ ಸಿಟ್ಟಾದ. ಸೀಸನ್ ಮುಗಿದಾಗ 3 ಗೆಲುವು, 14 ಸೋಲು. ಮುಂದಿನ ವರ್ಷ ಕ್ವಾರ್ಟರ್‌ಬ್ಯಾಕ್ ಆಗಿ ರಸೆಲ್ ವಿಲ್ಸನ್‌ನ ತಂದ್ರು, ಅವನ ಕೈಯಲ್ಲಿ ಮೊದಲ ಮೂರು ಮ್ಯಾಚೂ ಹೋಯ್ತು, ಆಮೇಲೆ ಜ್ಯಾಕ್ಸನ್ ಡಾರ್ಟ್ ಅನ್ನೋ ಹೊಸ ಹುಡುಗನ್ನ ಇಳಿಸಿದ್ರು. ಇದೆಲ್ಲ ನಡೆಯೋವಾಗ ಕ್ಯಾಪ್‌ನಲ್ಲಿ 22 ಮಿಲಿಯನ್ ಜೋನ್ಸ್ ಹೆಸರಲ್ಲಿ ಸತ್ತು ಬಿದ್ದಿತ್ತು, ನೂರಕ್ಕೆ ಹತ್ತಿರ ಹತ್ತಿರ ಎಂಟು ಪಾಲು, ಅಷ್ಟರಲ್ಲಿ ಆಫೆನ್ಸಿವ್ ಲೈನ್‌ಗೆ ಒಬ್ಬ ಗಟ್ಟಿ ಆಳು ಬರ್ತಿದ್ದ.

ಅದೇ ಜೋನ್ಸ್ ಕೋಲ್ಟ್ಸ್ ಜೊತೆ 14 ಮಿಲಿಯನ್‌ಗೆ ಒಂದು ವರ್ಷದ ಕಾಂಟ್ರ್ಯಾಕ್ಟ್ ಮಾಡ್ಕೊಂಡು ಮೊದಲ 10 ಮ್ಯಾಚ್‌ನಲ್ಲಿ 8 ಗೆಲ್ಲಿಸಿದ. ಎದುರಿಗೆ ಲೈನ್ ಚೆನ್ನಾಗಿತ್ತು, ಕೋಚ್ ನಂಬಿದ್ರು. ಅಕಿಲಿಸ್ ಹೋಗಿದ್ದನ್ನ ತಂದು ಈ ವಾದಕ್ಕೆ ಸೇರಿಸೋದು ನನಗಂತೂ ಸರಿ ಕಾಣಲ್ಲ, ಆ ಹುಡುಗ ಬಿದ್ದಿದ್ದು ಬೇರೆ ಟೀಮ್‌ಗೆ ಆಡ್ತಾ, ಒಂದು ವರ್ಷ ಕಳೆದ ಮೇಲೆ. 2025ರ ನವೆಂಬರ್‌ನಲ್ಲಿ ಕೋಚ್ ಬ್ರಯನ್ ಡೇಬಲ್ ಕೆಲಸನೂ ಹೋಯ್ತು. ಕಾಂಟ್ರ್ಯಾಕ್ಟ್ ಮಾಡಿದ ಶೇನ್ ಅವರನ್ನ ಮಾತ್ರ ಆವತ್ತೂ ಉಳಿಸಿಕೊಂಡ್ರು.