ಹಾಳೆ ಹೋದರೆ ಹೋಗಲಿ: ಟ್ರೆಡಲ್ ಕಲಿಸುವ ಎರಡು ರೀತಿ

ಆಫ್‌ಸೆಟ್ ಬಂದ ಮೇಲೆ ದಾವಣಗೆರೆಯ ಮುದ್ರಣಾಲಯಗಳಲ್ಲಿ ಮೂಲೆ ಸೇರಿದ ಕಾಲಿನಿಂದ ಮೆಟ್ಟಿ ಓಡಿಸುವ ಟ್ರೆಡಲ್ ಅಚ್ಚುಯಂತ್ರಗಳ ಪೈಕಿ ಒಂದೆರಡನ್ನಾದರೂ ಮತ್ತೆ ಓಡುವಂತೆ ಮಾಡಿ, ಆಸಕ್ತ ಯುವಕ ಯುವತಿಯರಿಗೆ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ಕಲಿಸಬೇಕೆಂದು ನನ್ನ ಊರಿನ ಗೆಳೆಯರು ಯೋಚಿಸುತ್ತಿದ್ದಾರೆ. ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ ನೆಲೆಸಿದವನು. ಬಿಡುವಿದ್ದಾಗ ಇಲ್ಲಿನ ಒಂದು ಮುದ್ರಣ ಸಂಗ್ರಹಾಲಯದಲ್ಲಿ ಹೊಸ ಸ್ವಯಂಸೇವಕರಿಗೆ ಯಂತ್ರ ನಡೆಸುವುದನ್ನು ಹೇಳಿಕೊಡುವ ತಂಡದಲ್ಲಿದ್ದೇನೆ. ಇಲ್ಲಿಯ ಕ್ರಮವನ್ನೇ ಅಲ್ಲಿಗೆ ತಂದರೆ ಆಗುವುದಿಲ್ಲವೇ ಎಂದು ಅವರು ಕೇಳಿದ್ದಾರೆ. ಪೂರ್ತಿ ಆಗುವುದಿಲ್ಲ, ಹಳೆಯ ದಾವಣಗೆರೆಯ ಕ್ರಮವೂ ಪೂರ್ತಿ ಸಾಲದು ಎಂಬುದು ನನ್ನ ಅನಿಸಿಕೆ. ಕಲಿಯಲು ಬಂದವರ ಕೈಗೆ ಮೊದಲು ಕಲಿಸಬೇಕಾದದ್ದು ಹಾಳೆ ಇಡುವುದನ್ನಲ್ಲ, ಸೊಟ್ಟಗೆ ಬಿದ್ದ ಹಾಳೆಯನ್ನು ಅದರ ಪಾಡಿಗೆ ಬಿಟ್ಟುಬಿಡುವುದನ್ನು.

ಟ್ರೆಡಲ್ ಯಂತ್ರದ ಮುಂದೆ ನಿಂತವನ ಬಲಗೈ ಹೊಸ ಹಾಳೆಯನ್ನು ಪ್ಲೇಟನ್ ಎಂಬ ಒತ್ತುವ ಫಲಕದ ಮೇಲಿನ ಪಿನ್ನುಗಳಿಗೆ ತಾಗಿಸಿ ಇಡುತ್ತದೆ, ಎಡಗೈ ಅಚ್ಚಾದದ್ದನ್ನು ತೆಗೆಯುತ್ತದೆ, ಪ್ಲೇಟನ್ ಮೇಲೆದ್ದು ಜೋಡಿಸಿ ಬಿಗಿದ ಮೊಳೆಗಳ ಕಟ್ಟಾದ ಫಾರಂಗೆ ಒತ್ತಿ ಮತ್ತೆ ತೆರೆದುಕೊಳ್ಳುತ್ತದೆ. ಗಂಟೆಗೆ ಸಾವಿರ ಪ್ರತಿ ಎಂದರೆ ಒಂದು ಹಾಳೆಗೆ ಸಿಗುವುದು ಸುಮಾರು ಮೂರೂವರೆ ಸೆಕೆಂಡು, ಅದರಲ್ಲಿ ಕೈ ಒಳಗಿರಬಹುದಾದ ಹೊತ್ತು ಇನ್ನೂ ಕಡಿಮೆ. ಹಾಳೆ ಜಾರಿದ್ದು ಕಣ್ಣಿಗೆ ಬೀಳುವುದು ಪ್ಲೇಟನ್ ಮುಚ್ಚಲು ತೊಡಗಿದ ಮೇಲೆ. ಆಗ ಅದನ್ನು ಸರಿಪಡಿಸಲು ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಬೆರಳು ಹೋಗುವುದು ಆ ಗಳಿಗೆಯಲ್ಲಿ.

ನಮ್ಮ ಚಿಕ್ಕಪ್ಪ ಮಂಡಿಪೇಟೆಯ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಮಷೀನ್‌ಮ್ಯಾನ್ ಆಗಿದ್ದರು. ಆ ಕಾಲದಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲು ಕಸ ಹೊಡೆಯುತ್ತಿದ್ದ, ಸೀಮೆಎಣ್ಣೆ ಬಟ್ಟೆಯಿಂದ ರೋಲರ್ ಒರೆಸುತ್ತಿದ್ದ, ಅಚ್ಚಾದ ಫಾರಂ ಬಿಚ್ಚಿ ಮೊಳೆಗಳನ್ನು ಕೇಸ್ ಎಂಬ ಮನೆಮನೆಯ ತಟ್ಟೆಯಲ್ಲಿ ಆಯಾ ಮನೆಗೆ ಹಾಕುತ್ತಿದ್ದ. ಒತ್ತಕ್ಷರ, ಕೊಂಬು, ದೀರ್ಘಗಳ ಪುಟ್ಟ ಮೊಳೆಗಳು ಎಲ್ಲಿ ಮುರಿಯುತ್ತವೆ, ಮೊಳೆ ಹಿಡಿದಿಡುವ ಚೌಕಟ್ಟಾದ ಚೇಸು ಬಿಗಿಯದಿದ್ದರೆ ಯಾವುದು ಮೇಲೆದ್ದು ನಿಲ್ಲುತ್ತದೆ ಎಂಬುದು ಅವನಿಗೆ ಯಂತ್ರ ಮುಟ್ಟುವ ಮೊದಲೇ ತಿಳಿದಿರುತ್ತಿತ್ತು. ತಿಂಗಳುಗಟ್ಟಲೆ ಯಂತ್ರದ ಪಕ್ಕದಲ್ಲಿ ನಿಂತು ನೋಡಿದವನ ಕಿವಿಗೆ ಅದರ ಲಯ ಹತ್ತಿರುತ್ತಿತ್ತು, ಸದ್ದು ಬದಲಾದ ಕೂಡಲೇ ಅವನು ಕಾಲು ತೆಗೆಯುತ್ತಿದ್ದ. ಈ ದೀರ್ಘ ಸಹವಾಸಕ್ಕೆ ಸಮನಾದದ್ದನ್ನು ನಾನು ಇಂಗ್ಲೆಂಡಿನಲ್ಲಿ ಕಂಡಿಲ್ಲ.

ಆದರೆ ಅದೇ ಪ್ರೆಸ್ಸಿನಲ್ಲಿ ಕೆಟ್ಟ ಹಾಳೆಗೆ ಲೆಕ್ಕವಿತ್ತು. ಮದುವೆ ಹಂಗಾಮಿನಲ್ಲಿ ಲಗ್ನಪತ್ರಿಕೆಯ ಕಾರ್ಡುಗಳು ಎಣಿಸಿ ಬರುತ್ತಿದ್ದವು, ಹತ್ತು ಕಡಿಮೆಯಾದರೆ ಮಾಲೀಕರ ಮುಂದೆ ನಿಂತು ಉತ್ತರ ಹೇಳಬೇಕಿತ್ತು. ಗಿರಾಕಿಗಳು ಚಹಾ ಹಿಡಿದು ಯಂತ್ರದ ಬದಿಯಲ್ಲೇ ನಿಂತು ಅವಸರ ಮಾಡುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಆ ಪೀಳಿಗೆಯಲ್ಲಿ ಬೆರಳ ತುದಿ ಕಳೆದುಕೊಂಡವರು ಯಂತ್ರ ತಿಳಿಯದವರಲ್ಲ, ಚೆನ್ನಾಗಿ ತಿಳಿದವರೇ. ಒಂದು ಹಾಳೆ ಕೆಡಿಸಿದೆನೆಂಬ ನಾಚಿಕೆ ಅವರ ಕೈಯನ್ನು ಒಳಕ್ಕೆ ಎಳೆದಿತ್ತು. ಚಿಕ್ಕಪ್ಪ ಮಾತ್ರ ಹುಡುಗರಿಗೆ "ಹಾಳೆ ಹೋದ್ರೆ ಹೋಗ್ಲಿ, ಕೈ ಒಳಗೆ ಒಯ್ಯಬ್ಯಾಡಲೇ ತಮ್ಮಾ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅದು ಅವರ ಒಳ್ಳೆಯತನವಾಗಿತ್ತೇ ಹೊರತು ಪ್ರೆಸ್ಸಿನ ನಿಯಮವಾಗಿರಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಹದಿನೆಂಟು ತುಂಬದವರನ್ನು ಅಪಾಯದ ಯಂತ್ರಕ್ಕೆ ಹಚ್ಚುವ ಮೊದಲು ಅದರ ಅಪಾಯಗಳನ್ನೂ ವಹಿಸಬೇಕಾದ ಎಚ್ಚರವನ್ನೂ ಪೂರ್ತಿ ತಿಳಿಸಿರಬೇಕು, ಸಾಕಷ್ಟು ತರಬೇತಿ ಕೊಟ್ಟಿರಬೇಕು, ಇಲ್ಲವೇ ಯಂತ್ರವನ್ನು ಚೆನ್ನಾಗಿ ಬಲ್ಲವರು ಮೇಲ್ವಿಚಾರಣೆಗೆ ಇರಬೇಕು ಎಂದು ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 23ನೆಯ ಕಲಮು ಹೇಳಿತ್ತು. ಬ್ರಿಟನ್ನಿನ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು, ಅಲ್ಲಿ 1954ರ ಆದೇಶವೊಂದು ಇಂಥ ಯಂತ್ರಗಳ ಪಟ್ಟಿಯಲ್ಲಿ ಪ್ಲೇಟನ್ ಮುದ್ರಣ ಯಂತ್ರವನ್ನು ಹೆಸರಿಸಿಯೇ ಸೇರಿಸಿತ್ತು. ನಮ್ಮ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುತ್ತಿದ್ದದ್ದು ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕೆಲಸಗಾರರಿದ್ದಾಗ. ಮೂರು ನಾಲ್ಕು ಜನರ ಪ್ರೆಸ್ಸು ಅದರ ಹೊರಗೇ ಉಳಿಯಿತು.

ಇಲ್ಲಿನ ಸಂಗ್ರಹಾಲಯದಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ತಯಾರಾದ ಆರಬ್ ಎಂಬ ಟ್ರೆಡಲ್ ಇದೆ. ಹೊಸಬರು ಅದಕ್ಕೆ ಶಾಯಿ ಹಚ್ಚುವ ಮೊದಲು ಫ್ಲೈವೀಲ್ ಎಂಬ ಭಾರದ ದೊಡ್ಡ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಎಲ್ಲೆಲ್ಲಿ ಕೈ ಸಿಕ್ಕಿಕೊಳ್ಳಬಹುದೆಂದು ತಾವೇ ಹುಡುಕಿ ತೋರಿಸಬೇಕು: ಪ್ಲೇಟನ್ ಮತ್ತು ಫಾರಂ ನಡುವೆ, ಹಲ್ಲುಚಕ್ರಗಳಲ್ಲಿ, ಫ್ಲೈವೀಲಿನ ಕಡ್ಡಿಗಳ ಸಂದಿನಲ್ಲಿ. ಮೆಟ್ಟುವ ಹಲಗೆಯ ಕೆಳಗೆ ಕಾಲ್ಬೆರಳೂ ಸಿಕ್ಕಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಉಂಗುರ, ಕೊರಳಿನ ದಾರ, ಸಡಿಲ ತೋಳು ಯಾವುದೂ ಕೂಡದು, ಉದ್ದ ಕೂದಲನ್ನು ಕಟ್ಟಿರಬೇಕು. ನಮ್ಮಲ್ಲಾದರೆ ಈ ಪಟ್ಟಿಗೆ ಸೆರಗು, ದುಪಟ್ಟಾ, ಬಳೆ, ಹೆಗಲ ಮೇಲಿನ ಟವೆಲ್ ಸೇರುತ್ತವೆ. ನೋಡಲು ಬಂದವರು ನೆಲದ ಮೇಲೆ ಎಳೆದ ಗೆರೆಯಾಚೆ ನಿಲ್ಲಬೇಕು, ಯಂತ್ರ ಓಡುವಾಗ ನಡೆಸುವವರನ್ನು ಮಾತಾಡಿಸಬಾರದು. ಈ ಗೆರೆಯೊಂದನ್ನು ದಾವಣಗೆರೆಯವರು ಹಾಗೆಯೇ ಎರವಲು ಪಡೆಯಲಿ.

ಹೊಸಬರ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಎರಡು ಕಡೆಯಲ್ಲೂ ಸಾಕಷ್ಟು ಹೇಳುವುದಿಲ್ಲವೆಂದು ನನಗೆ ಅನಿಸುತ್ತದೆ. ಯಂತ್ರದ ಎಡಬದಿಯ ಥ್ರೋ-ಆಫ್ ಹಿಡಿಕೆಯನ್ನು ತಳ್ಳಿದರೆ ಅಚ್ಚು ಬೀಳುವುದಿಲ್ಲ, ಆದ್ದರಿಂದ ಅದೇ ರಕ್ಷಣೆಯ ಹಿಡಿಕೆಯೆಂದು ಹಲವರು ನಂಬುತ್ತಾರೆ. ಅದು ಫಾರಂ ಮತ್ತು ಪ್ಲೇಟನ್ ನಡುವೆ ತುಸು ಅಂತರವನ್ನಷ್ಟೇ ಉಳಿಸುತ್ತದೆ, ಪ್ಲೇಟನ್ ಮುಚ್ಚುವುದು ನಿಲ್ಲುವುದಿಲ್ಲ. ಆ ಅಂತರದಲ್ಲಿ ಕಾಗದ ಉಳಿಯುತ್ತದೆ, ಬೆರಳು ಉಳಿಯುವುದಿಲ್ಲ. ಮೆಟ್ಟುವುದನ್ನು ಬಿಟ್ಟ ಮೇಲೂ ಫ್ಲೈವೀಲು ತನ್ನ ಭಾರದಿಂದಲೇ ಸುತ್ತುತ್ತಿರುತ್ತದೆ. ಅದು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡದೆ ಯಾರೂ ಕೈ ಹಾಕಬಾರದು.

ಇಂಗ್ಲೆಂಡಿನ ಕ್ರಮದ ಕೊರತೆಯೆಂದರೆ ಅದು ಬೇಗ ಮುಗಿಯುತ್ತದೆ. ಒಂದು ಶನಿವಾರ ಕಲಿತು, ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಂಡವರು ಮುಂದಿನ ತಿಂಗಳು ಬಂದಾಗ ನಿಯಮಗಳನ್ನು ಒಪ್ಪಿಸುತ್ತಾರೆ, ಆದರೆ ಹಾಳೆ ಸೊಟ್ಟಗೆ ಬಿದ್ದಾಗ ಅವರ ಕೈ ಮುಂದಕ್ಕೆ ಹೋಗಿಯೇ ಹೋಗುತ್ತದೆ. ಬಾಯಿಗೆ ಬಂದದ್ದು ಕೈಗೆ ಬರಲು ಅಭ್ಯಾಸವೇ ಬೇಕು. ಆದ್ದರಿಂದ ಮೊದಲು ಬರೀ ಮೆಟ್ಟಿಸಿ, ಕಾಲು ಲಯ ಹಿಡಿದ ಮೇಲೆ ಶಾಯಿಯಿಲ್ಲದೆ, ಅಚ್ಚು ಬೀಳದಂತೆ ಮಾಡಿ ರದ್ದಿ ಕಾಗದ ಇಡಿಸಬೇಕು. ಆಗಾಗ ಬೇಕೆಂದೇ ಸೊಟ್ಟಗೆ ಇಡಿಸಿ, ಬಿದ್ದದ್ದನ್ನು ಬೀಳಲು ಬಿಟ್ಟು ಎರಡೂ ಕೈ ಹಿಂದೆ ತಂದವರಿಗೆ ಭೇಷ್ ಎನ್ನಬೇಕು. ಸ್ವಯಂಸೇವಕರ ಅಚ್ಚಿಗೆ ಗಿರಾಕಿಯಿಲ್ಲ, ಗಡುವಿಲ್ಲ. ಕಾಗದ ಕೆಡುವುದಕ್ಕೇ ಇರುವುದು ಎಂದು ಮೊದಲ ದಿನವೇ ಹೇಳಿಬಿಡುವ ಅನುಕೂಲ ಚಿಕ್ಕಪ್ಪನ ಪ್ರೆಸ್ಸಿಗಿರಲಿಲ್ಲ, ನಮಗಿದೆ. ಮೋಟಾರು ಜೋಡಿಸುವ ಮಾತು ಇದೆಲ್ಲ ಆದ ಮೇಲೆ.

ಉಳಿದವು ಸಣ್ಣವು, ಆದರೆ ಬಿಡುವಂಥವಲ್ಲ. ಮೊಳೆಯಲ್ಲಿ ತವರ, ಆಂಟಿಮನಿಯೊಂದಿಗೆ ಹೆಚ್ಚಿನ ಪಾಲು ಸೀಸವಿರುತ್ತದೆ. ಅದು ದೇಹ ಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ, ಆದ್ದರಿಂದ ಕೇಸಿನ ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವ ನಮ್ಮೂರಿನ ರೂಢಿ ನಿಲ್ಲಬೇಕು. ಹಳೆಯ ಮೊಳೆಗಳ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಊದಬಾರದು. ಅಗಸೆ ಎಣ್ಣೆಯ ಶಾಯಿ ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಿದರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು, ಅದಕ್ಕೆ ಮುಚ್ಚಳವಿರುವ ತಗಡಿನ ಡಬ್ಬಿ ಬೇಕು.

ಇದನ್ನೆಲ್ಲ ಕಲಿಸುವವರು ಯಾರು? ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಟ್ರೆಡಲ್ ನಡೆಸಿದ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಉದ್ಘಾಟನೆಯ ದಿನ ಕರೆದು ಶಾಲು ಹೊದಿಸಿ ಕಳಿಸಿದರೆ ಸಾಲದು. ಹೊಸಬರು ಒಬ್ಬರೇ ಯಂತ್ರ ನಡೆಸಬಹುದೋ ಇಲ್ಲವೋ ಎಂಬ ಕೊನೆಯ ಮಾತು ಅವರದಾಗಬೇಕು, ಕಲಿಕೆ ನಡೆಯುವಷ್ಟು ದಿನವೂ ಅವರು ಯಂತ್ರದ ಪಕ್ಕದಲ್ಲಿ ಕುಳಿತಿರಬೇಕು, ಅದಕ್ಕೆ ಕೊಡುವ ಸಂಬಳವನ್ನು ಗೆಳೆಯರು ತಮ್ಮ ಖರ್ಚಿನ ಪಟ್ಟಿಯಲ್ಲಿ ಶಾಯಿ, ಕಾಗದಕ್ಕಿಂತ ಮೊದಲು ಬರೆದುಕೊಳ್ಳಬೇಕು.