ಅಳತೆಯೊಂದನ್ನೇ ಕೇಳಿ ತಂದ ರಬ್ಬರ್ ರಿಂಗು

ಮಸ್ಕತ್ತಿನಲ್ಲಿ ನೀರಿನ ಕೊಳವೆ ಹಾಕಿಸುವ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷಗಳಾದವು. ವರ್ಷಕ್ಕೊಮ್ಮೆ ರಜೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಸೀಮೆಯ ನಮ್ಮೂರಿಗೆ ಬಂದಾಗಲೆಲ್ಲ ತಮ್ಮನ ಅಡಿಕೆ ತೋಟದಲ್ಲಿ ಯಾವುದಾದರೊಂದು ಜಾಯಿಂಟು ಸೋರುತ್ತಿರುತ್ತದೆ, ಅದನ್ನು ನೋಡಿ ಸುಮ್ಮನಿರಲು ನನ್ನ ಕಸುಬು ಬಿಡುವುದಿಲ್ಲ. ಸೋರಿದ ಜಾಯಿಂಟಿಗೆ ನಮ್ಮ ಕಡೆ ಬೈಸಿಕೊಳ್ಳುವವನು ಫಿಟ್ಟರು. ಅವನು ಸರಿಯಾಗಿ ಬಿಗಿ ಮಾಡಲಿಲ್ಲ ಎಂಬುದೇ ಎಲ್ಲರ ದೂರು. ಆದರೆ ನಾನು ಬಿಚ್ಚಿ ನೋಡಿದ ಜಾಯಿಂಟುಗಳಲ್ಲಿ ಬಹುಪಾಲು ಕೆಟ್ಟಿದ್ದು ಫಿಟ್ಟರನ ಕೈಯಲ್ಲಿ ಅಲ್ಲ, ಪೈಪುಗಳ ಸಂದಿನಲ್ಲಿ ನೀರು ತಡೆಯಲು ಕೂರಿಸುವ ರಬ್ಬರ್ ರಿಂಗು ಕೊಂಡ ಅಂಗಡಿಯಲ್ಲಿ.

ದಾವಣಗೆರೆಯ ಅಂಗಡಿಯೊಂದಕ್ಕೆ ತಮ್ಮನ ಜೊತೆ ಹೋಗಿದ್ದೆ. 110 ಮಿಲಿಮೀಟರಿನ ಪಿವಿಸಿ ಪೈಪಿಗೆ ಹತ್ತು ರಿಂಗು ಬೇಕು ಎಂದು ಅವನು ಕೇಳಿದ, ಅಂಗಡಿಯವರು ಬಾಗಿಲ ಪಕ್ಕದ ಮೊಳೆಗೆ ಹೂವಿನ ಹಾರದಂತೆ ತೂಗುಹಾಕಿದ್ದ ಗೊಂಚಲಿನಿಂದ ಹತ್ತನ್ನು ಎಣಿಸಿ ಕೊಟ್ಟರು. ಪಡುವಣ ದಿಕ್ಕಿನ ಬಾಗಿಲು, ಸಂಜೆಯ ಬಿಸಿಲು ನೇರವಾಗಿ ಅವುಗಳ ಮೇಲೆಯೇ ಬೀಳುತ್ತಿತ್ತು. ಒಂದನ್ನು ತೆಗೆದುಕೊಂಡು ಬೆರಳುಗಳ ನಡುವೆ ಮಡಿಸಿ ಹಿಡಿದೆ. ಮಡಿಕೆಯ ಹೊರಮೈಯಲ್ಲಿ ಒಣಗಿದ ಕೆರೆಯಂಗಳದ ಬಿರುಕಿನಂಥ ಸಣ್ಣ ಸಣ್ಣ ಗೀರುಗಳು ಬಾಯಿ ಬಿಟ್ಟವು. ಯಾವ ರಬ್ಬರಿನದು ಎಂದು ಕೇಳಿದ್ದಕ್ಕೆ, "ಯಾವ್ದಾದ್ರೇನ್ ಸಾರ್, ರಬ್ಬರ್ ಅಂದ್ರೆ ರಬ್ಬರ್ ತಾನೇ?" ಎಂಬ ಉತ್ತರ ಬಂತು. ಅವರದೇನೂ ತಪ್ಪಿಲ್ಲ. ಕೇಳುವ ಗಿರಾಕಿ ಇಲ್ಲದ ಮೇಲೆ ಹೇಳುವ ಅಂಗಡಿಯವರು ಎಲ್ಲಿಂದ ಬರಬೇಕು?

ನಾನಿರುವ ಕಡೆ ಕೆಲಸದ ಜಾಗಕ್ಕೆ ಬರುವ ಪ್ರತಿಯೊಂದು ರಿಂಗಿನ ಮೇಲೂ ಉಬ್ಬಚ್ಚಿನ ಅಕ್ಷರಗಳಿರುತ್ತವೆ, ಅವನ್ನು ಓದಿ ದಾಖಲೆಗೆ ಸೇರಿಸದೆ ಒಂದು ರಿಂಗೂ ಉಗ್ರಾಣದೊಳಗೆ ಹೋಗುವುದಿಲ್ಲ. ಅಲ್ಲಿ ಬಳಕೆಯಲ್ಲಿರುವುದು ಯೂರೋಪಿನ ಇಎನ್ 681-1 ಎಂಬ ಮಾನದಂಡ. ಅದರ ಪ್ರಕಾರ ರಿಂಗಿನ ಮೇಲೆ ಅಳತೆ, ತಯಾರಕರ ಗುರುತು, ರಬ್ಬರಿನ ಬಗೆ, ಗಡಸುತನದ ವರ್ಗ, ತಯಾರಾದ ವರ್ಷ ಮತ್ತು ಆ ವರ್ಷದ ಎಷ್ಟನೆಯ ತ್ರೈಮಾಸಿಕ ಎಂಬುದೆಲ್ಲ ಇರಬೇಕು. ತಣ್ಣನೆಯ ಕುಡಿಯುವ ನೀರಿನದಾದರೆ ಡಬ್ಲ್ಯೂಎ ಎಂದೂ, ಚರಂಡಿ ಮತ್ತು ಮಳೆನೀರಿನದಾದರೆ ಡಬ್ಲ್ಯೂಸಿ ಎಂದೂ ಬರೆದಿರುತ್ತದೆ. ಇದನ್ನು ಕೇಳಿ ವಿದೇಶದ ದೊಡ್ಡಸ್ತಿಕೆ ಎಂದುಕೊಳ್ಳುವವರಿಗೆ ಒಂದು ಮಾತು: ನಮ್ಮಲ್ಲೂ ನೀರು, ಗ್ಯಾಸು ಮತ್ತು ಒಳಚರಂಡಿ ಕೊಳವೆಗಳ ರಬ್ಬರ್ ರಿಂಗಿಗೆಂದೇ ಐಎಸ್ 5382 ಎಂಬ ಮಾನದಂಡವಿದೆ. ಅದು ಸರ್ಕಾರಿ ಟೆಂಡರಿನ ಹಾಳೆಯಲ್ಲಿ ಉಳಿದುಕೊಂಡಿದೆ, ತೋಟದ ಪಂಪ್‌ಹೌಸಿನವರೆಗೆ ನಡೆದು ಬಂದಿಲ್ಲ.

ರಬ್ಬರಿನ ಬಗೆ ಏಕೆ ಮುಖ್ಯ ಎಂಬುದನ್ನು ನನ್ನ ತಮ್ಮನ ತೋಟವೇ ತೋರಿಸಿಕೊಟ್ಟಿತು. ಬೋರಿನಿಂದ ತೊಟ್ಟಿಯವರೆಗಿನ ಪಿವಿಸಿ ಲೈನಿಗೆ ಗಮ್ ಹಾಕಿ ಅಂಟಿಸುವುದರ ಬದಲು ರಿಂಗಿನ ಜಾಯಿಂಟೇ ಇರಲಿ ಎಂದವನು ನಾನು. ಆರು ಮೀಟರ್ ಉದ್ದದ ಪಿವಿಸಿ ಪೈಪು ಇಪ್ಪತ್ತು ಡಿಗ್ರಿ ಕಾವಿನ ವ್ಯತ್ಯಾಸಕ್ಕೆ ಸುಮಾರು ಎಂಟು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಮಣ್ಣು ಮುಚ್ಚದ ಕಡೆ ಆ ಚಲನೆಯನ್ನು ರಿಂಗು ತಾಳಿಕೊಳ್ಳುತ್ತದೆ, ಅಂಟು ತಾಳಿಕೊಳ್ಳುವುದಿಲ್ಲ. ಮುಂದಿನ ವರ್ಷ ಬಂದಾಗ ಮೂರು ಜಾಯಿಂಟು ಸೋರುತ್ತಿದ್ದವು. ಬಿಚ್ಚಿದರೆ ರಿಂಗು ಬೆಂದ ಹಲಸಿನ ತೊಳೆಯಂತೆ ಊದಿ ಮೆತ್ತಗಾಗಿತ್ತು, ಮುಟ್ಟಿದ ಬೆರಳಿಗೆ ಕಪ್ಪು ಅಂಟಿಕೊಂಡಿತು, ತೆಗೆದದ್ದನ್ನು ಮತ್ತೆ ಅದೇ ಗ್ರೂವಿನಲ್ಲಿ, ಅಂದರೆ ರಿಂಗು ಕೂರುವ ತೋಡಿನಲ್ಲಿ, ಕೂರಿಸಲು ನೋಡಿದರೆ ಕೂರಲೊಲ್ಲದು. ಪೈಪು ಸಲೀಸಾಗಿ ಒಳಗೆ ಹೋಗಲೆಂದು ಟ್ರ್ಯಾಕ್ಟರಿನ ಹಳೆಯ ಎಂಜಿನ್ ಆಯಿಲ್ ಸವರಿದ್ದರಂತೆ. ನೀರಿಗೆ, ಬಿಸಿಲಿಗೆ, ಗಾಳಿಗೆ ಬಹಳ ಚೆನ್ನಾಗಿ ಬಾಳುವ ಇಪಿಡಿಎಂ ಎಂಬ ಕೃತಕ ರಬ್ಬರಿಗೆ ಖನಿಜ ಎಣ್ಣೆಯೇ ವೈರಿ, ಸಾಮಾನ್ಯ ನೈಸರ್ಗಿಕ ರಬ್ಬರೂ ಹಾಗೆಯೇ. ಎಣ್ಣೆ, ಡೀಸೆಲ್ ತಾಗುವ ಕಡೆ ಹಾಕಬೇಕಾದದ್ದು ನೈಟ್ರೈಲ್ ರಬ್ಬರು, ಆದರೆ ಅದು ಬಿಸಿಲಿಗೆ ಬಿದ್ದರೆ ಬೇಗ ಬಿರಿಯುತ್ತದೆ. ಇಪಿಡಿಎಂ, ನೈಟ್ರೈಲ್ ಎರಡೂ ಕಪ್ಪು, ಕಣ್ಣಿಗೆ ಒಂದೇ ತರ. ಅಕ್ಷರವಿಲ್ಲದ ರಿಂಗು ಕೈಗೆ ಬಂದರೆ ಅದರದೊಂದು ಚೂರನ್ನು ಒಂದು ರಾತ್ರಿ ಡೀಸೆಲ್ಲಿನಲ್ಲಿ ನೆನೆಹಾಕಿ: ಬೆಳಿಗ್ಗೆ ಚೆನ್ನಾಗಿ ಊದಿದ್ದರೆ ಅದು ನೈಟ್ರೈಲ್ ಅಲ್ಲ. ಇನ್ನು ಪೈಪು ಜಾರಿಸಲು ಬಟ್ಟೆ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಂಡರೆ ಸಾಕು, ಕುಡಿಯುವ ನೀರಿನ ಲೈನಾದರೆ ಅದಕ್ಕೆಂದೇ ಸಿಗುವ ಲೂಬ್ರಿಕೆಂಟು ಒಳ್ಳೆಯದು.

ಆ ಊದಿದ ರಿಂಗು ಏಕೆ ಸೋರಿತು ಎಂದು ತಮ್ಮ ಕೇಳಿದ, ದಪ್ಪವಾದರೆ ಇನ್ನೂ ಗಟ್ಟಿಯಾಗಿ ಹಿಡಿಯಬೇಕಲ್ಲವೇ ಎಂಬುದು ಅವನ ತರ್ಕ. ರಬ್ಬರನ್ನು ಒತ್ತಿದರೆ ಅದರ ಆಕಾರ ಬದಲಾಗುತ್ತದೆಯೇ ಹೊರತು ಗಾತ್ರ ಕಡಿಮೆಯಾಗುವುದಿಲ್ಲ. ಒತ್ತಿದಾಗ ಅದು ಸರಿದುಕೊಳ್ಳಲು ಗ್ರೂವಿನಲ್ಲಿ ಸ್ವಲ್ಪ ಜಾಗ ಬೇಕು. ಜಾಗವೆಲ್ಲ ತುಂಬಿಹೋದರೆ ರಿಂಗು ಹೊರಳುತ್ತದೆ ಅಥವಾ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ.

ಮೋಟಾರಿನ ಡೆಲಿವರಿ ಪೈಪಿನ ಫ್ಲೇಂಜಿಗೆ, ಅಂದರೆ ಬೋಲ್ಟು ಹಾಕಿ ಜೋಡಿಸುವ ತುದಿಯ ಬಿಲ್ಲೆಗೆ, ಬಂದರೆ ನಮ್ಮವರ ಕೈಚಳಕವನ್ನು ಮೆಚ್ಚಲೇಬೇಕು. ರಬ್ಬರ್ ಶೀಟನ್ನು ಫ್ಲೇಂಜಿನ ಮೇಲೆ ಹರಡಿ, ಗುಂಡು ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ, ಐದೇ ನಿಮಿಷದಲ್ಲಿ ಬೋಲ್ಟಿನ ತೂತುಗಳ ಸಮೇತ ಪ್ಯಾಕಿಂಗು ಕತ್ತರಿಸಿ ತೆಗೆಯುವ ಫಿಟ್ಟರನ್ನು ನಾನು ಮಸ್ಕತ್ತಿನಲ್ಲಿ ಕಂಡಿಲ್ಲ. ಅಲ್ಲಿ ಕತ್ತರಿಸಿ ಸಿದ್ಧವಾದದ್ದೇ ಬರುತ್ತದೆ, ಬರದಿದ್ದರೆ ಕೆಲಸ ನಿಲ್ಲುತ್ತದೆ. ಆದರೆ ಇದೇ ಫಿಟ್ಟರು ತೆಳ್ಳನೆಯದು ಸೋರಬಹುದು ಎಂಬ ಅಂಜಿಕೆಗೆ ಲಾರಿ ಟ್ಯೂಬನ್ನು ಎರಡು ಪದರ ಮಾಡಿ ಹಾಕುತ್ತಾರೆ. ಫ್ಲೇಂಜಿನ ಮುಖ ನುಣುಪಾಗಿದ್ದರೆ ಮೂರು ಮಿಲಿಮೀಟರಿನ ಒಂದೇ ಪದರ ಸಾಕು, ಎರಡು ಪದರದ ನಡುವಿನ ಸಂದೇ ನೀರಿಗೆ ಹೊಸ ದಾರಿಯಾಗುತ್ತದೆ. ಫ್ಲೇಂಜಿನ ಪ್ಯಾಕಿಂಗಿಗೆ ಗ್ರೀಸನ್ನೂ ಸವರಬಾರದು, ಅದು ಹಿಡಿತದ ಮೇಲೆ ನಿಲ್ಲಬೇಕಾದದ್ದು, ಜಾರಬೇಕಾದದ್ದಲ್ಲ. ಬೋಲ್ಟುಗಳನ್ನು ಎದುರು ಬದುರಾಗಿ, ಮೂರು ಸುತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕೆಂಬುದು ಎಲ್ಲರಿಗೂ ಗೊತ್ತು, ಕರೆಂಟು ಬರುವ ಹೊತ್ತು ಹತ್ತಿರವಾದಾಗ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಹಾಗೆಂದು ಮಸ್ಕತ್ತಿನದೇ ಮಾದರಿ ಎಂದು ನಾನು ಹೇಳಲಾರೆ. ಒಮ್ಮೆ 400 ಮಿಲಿಮೀಟರಿನ ಡಕ್ಟೈಲ್ ಕಬ್ಬಿಣದ ಲೈನು ಒತ್ತಡದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆ ಪೈಪಿನ ರಿಂಗಿಗೆ ಎರಡು ಬಗೆಯ ಗಡಸುತನವಿರುತ್ತದೆ: ಸಾಕೆಟ್ಟಿನಲ್ಲಿ, ಅಂದರೆ ಇನ್ನೊಂದು ಪೈಪು ಒಳಹೋಗುವ ಅಗಲ ಬಾಯಿಯಲ್ಲಿ, ಕಚ್ಚಿಕೊಂಡು ಕೂರುವ ಹಿಮ್ಮಡಿ ಗಟ್ಟಿ, ನೀರನ್ನು ತಡೆಯುವ ಉಬ್ಬು ಮೆದು. ರಿಂಗು ಅಪ್ಪಟವಾಗಿತ್ತು, ಕಾಗದಪತ್ರ ಅದಕ್ಕಿಂತ ಅಪ್ಪಟವಾಗಿತ್ತು. ಮರಳು ಅಗೆದು ಜಾಯಿಂಟು ಬಿಚ್ಚಿದಾಗ ರಿಂಗಿನ ಹಿಂದೆ, ಗ್ರೂವಿನಲ್ಲಿ, ಒಂದು ಚಿಟಿಕೆ ಮರಳಿತ್ತು. ನಮ್ಮೂರ ಫಿಟ್ಟರಾಗಿದ್ದರೆ ಹೆಗಲ ಮೇಲಿನ ಟವೆಲ್ಲಿನಿಂದ ಸಾಕೆಟ್ಟನ್ನು ಒರೆಸಿ, ರಿಂಗು ಕೂರಿಸಿದ ಮೇಲೆ ಸುತ್ತಲೂ ಒಮ್ಮೆ ಬೆರಳಾಡಿಸಿ ನೋಡದೆ ಪೈಪು ತಳ್ಳುತ್ತಿರಲಿಲ್ಲ. ಐದೂವರೆ ಮೀಟರಿನ ಪೈಪಾದರೆ ಒಂದು ಕಿಲೋಮೀಟರಿಗೆ 180ಕ್ಕೂ ಹೆಚ್ಚು ಇಂಥ ರಿಂಗುಗಳು ಬೇಕು. ಅಷ್ಟೂ ಕಡೆ ಆ ಬೆರಳು ಆಡಬೇಕು. ಹಿರಿಯೂರು ಬಳಿಯ ವಾಣಿ ವಿಲಾಸ ಸಾಗರದ ನೀರು ದುರ್ಗದ ನಲ್ಲಿಗೆ ಬರುವಷ್ಟರಲ್ಲಿ ಎಷ್ಟು ಜಾಯಿಂಟು ಹಾದು ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಇನ್ನೊಂದು ವಿಷಯದಲ್ಲಿ ನಾನೇ ತಪ್ಪು ತಿಳಿದಿದ್ದೆ. ಚಳ್ಳಕೆರೆ ಕಡೆಯ ನಮ್ಮ ಸೋದರಮಾವನ ಶೇಂಗಾ ಹೊಲದಲ್ಲಿ ಸ್ಪ್ರಿಂಕ್ಲರ್ ಪೈಪುಗಳ ಕ್ಲ್ಯಾಂಪಿನ ಬಳಿ ನೀರು ಜಿನುಗುತ್ತಿರುವುದನ್ನು ಕಂಡು, ರಿಂಗು ಹಳೆಯದಾಗಿದೆ, ಬದಲಾಯಿಸಬೇಕು ಎಂದೆ. "ಇರು ತಮ್ಮಾ, ವೋಲ್ಟೇಜ್ ಬರ್ಲಿ, ತಾನೇ ನಿಲ್ತತಿ" ಎಂದರು ಮಾವ. ಅರ್ಧ ಗಂಟೆಯಲ್ಲಿ ನಿಂತಿತು. ಆ ರಿಂಗನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಒಂದು ಕಡೆ ತೆರೆದ ತುಟಿಗಳಂತಿರುತ್ತದೆ, ನೀರಿನ ಒತ್ತಡವೇ ತುಟಿಗಳನ್ನು ಅಗಲಿಸಿ ಪೈಪಿಗೆ ಒತ್ತಿ ಹಿಡಿಯುತ್ತದೆ. ವೋಲ್ಟೇಜ್ ಇಳಿದು ಪಂಪಿನ ಒತ್ತಡ ಕಡಿಮೆಯಿದ್ದಾಗ ಅದು ಸೋರುವುದೇ ಸಹಜ. ತಿರುವುಮುರುವಾಗಿ ಹಾಕಿದರೆ ಮಾತ್ರ ಎಷ್ಟು ವೋಲ್ಟೇಜ್ ಬಂದರೂ ನಿಲ್ಲದು.

ಉಳಿಕೆ ರಿಂಗುಗಳನ್ನು ಇಡುವ ಬಗೆಯನ್ನಂತೂ ನಾವು ಬದಲಾಯಿಸಿಕೊಳ್ಳಲೇಬೇಕು. ಐಎಸ್ಒ 2230 ಎಂಬ ಮಾನದಂಡದ ಲೆಕ್ಕದಲ್ಲಿ, ಬಳಸದೆ ಇಟ್ಟ ನೈಸರ್ಗಿಕ ರಬ್ಬರಿಗೆ 5 ವರ್ಷ, ನೈಟ್ರೈಲಿಗೆ 7, ಇಪಿಡಿಎಂಗೆ 10 ವರ್ಷ, ಇದು ಇಟ್ಟುಕೊಳ್ಳಬಹುದಾದ ಮೊದಲ ಅವಧಿ. ಅದೂ 25 ಡಿಗ್ರಿಗಿಂತ ತಂಪಾದ ಕತ್ತಲೆಯ ಜಾಗದಲ್ಲಿ, ಹಿಗ್ಗಿಸದೆ, ಮಡಿಸದೆ, ಮೊಳೆಗೆ ತೂಗುಹಾಕದೆ ಇಟ್ಟರೆ. ನಮ್ಮ ಬೇಸಿಗೆಯಲ್ಲಿ 25 ಡಿಗ್ರಿ ಕನಸಿನ ಮಾತು, ಆದರೂ ಪಂಪ್‌ಹೌಸಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲಿಡುವುದಕ್ಕಿಂತ ಮನೆಯ ಕತ್ತಲೆ ಕೋಣೆಯ ಡಬ್ಬಿ ವಾಸಿ, ಏಕೆಂದರೆ ಕರೆಂಟಿನ ಕಿಡಿ ಹಾರುವ ಕಡೆ ಹುಟ್ಟುವ ಓಜೋನ್ ಅನಿಲವೂ ರಬ್ಬರನ್ನು ಬಿರಿಸುತ್ತದೆ. ತಮ್ಮ ಈಗ ಹಳೆಯ ಹಾಲಿನ ಪುಡಿ ಡಬ್ಬಿಯೊಂದರಲ್ಲಿ ರಿಂಗುಗಳನ್ನು ಹಾಕಿ, ತಂದ ತಿಂಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದಾನೆ. ನಟ್ಟಿರುಳಲ್ಲಿ ಕರೆಂಟು ಬಂದು ಜಾಯಿಂಟು ಚಿಮ್ಮಿದಾಗ ಸೈಕಲ್ ಟ್ಯೂಬು ಸೀಳಿ ಸುತ್ತುವುದನ್ನು ಮಾತ್ರ ಬಿಟ್ಟಿಲ್ಲ. ಅದಕ್ಕೆ ನನ್ನ ತಕರಾರೂ ಇಲ್ಲ, ಬೆಳಕು ಹರಿದ ಮೇಲೆ ಬಿಚ್ಚಿ ಡಬ್ಬಿಯದನ್ನು ಹಾಕಿದರೆ ಸರಿ.