ಸಿಮೆಂಟ್ ನಮ್ಮದು, ಕ್ಲಿಂಕರ್ ಯಾರದು?

"ಸಿಮೆಂಟ್‌ನಲ್ಲಿ ಸ್ವಾವಲಂಬಿಗಳಾಗಿದ್ದೇವೆ, ಬೇಡಿಕೆಗಿಂತ ನಮ್ಮ ಸಾಮರ್ಥ್ಯವೇ ಹೆಚ್ಚು" ಅಂತ ಯಾವುದೇ ಅಭಿವೃದ್ಧಿಶೀಲ ದೇಶ ಹೇಳಿಕೊಂಡಾಗ ಮೊದಲು ಕೇಳಬೇಕಾದ್ದು ಒಂದೇ: ಕ್ಲಿಂಕರ್ ಎಲ್ಲಿಂದ ಬರುತ್ತಿದೆ? ಅದು ಗೊತ್ತಾಗದೆ ಉಳಿದ ಅಂಕಿ-ಅಂಶ ಎಷ್ಟು ನೋಡಿದರೂ ವ್ಯರ್ಥ.

ಸುಣ್ಣದಕಲ್ಲು, ಜೇಡಿಮಣ್ಣು, ಒಂದಿಷ್ಟು ಕಬ್ಬಿಣದ ಅದಿರು ಸೇರಿಸಿ ನುಣ್ಣಗೆ ಅರೆದು, ತಿರುಗುವ ಉದ್ದನೆಯ ಕೊಳವೆಗೂಡಾದ ಕಿಲ್ನ್‌ನಲ್ಲಿ ಸುಮಾರು 1,450 ಡಿಗ್ರಿಗೆ ಸುಟ್ಟರೆ ಗೋಲಿಯಂಥ ಬೂದುಗಪ್ಪು ಉಂಡೆಗಳಾಗುತ್ತವೆ. ಅದೇ ಕ್ಲಿಂಕರ್. ಇದಕ್ಕೆ ನೂರಕ್ಕೆ ನಾಲ್ಕೈದು ಪಾಲು ಜಿಪ್ಸಮ್ ಹಾಕಿ ಅರೆದರೆ ಮಾಮೂಲಿ ಒಪಿಸಿ (ಆರ್ಡಿನರಿ ಪೋರ್ಟ್‌ಲ್ಯಾಂಡ್) ಸಿಮೆಂಟ್. ಗಣಿ, ಕಲ್ಲಿದ್ದಲು, ಬಂಡವಾಳ, ಹೊಗೆ ಎಲ್ಲದರ ದೊಡ್ಡ ಪಾಲು ಕಿಲ್ನ್‌ನಲ್ಲೇ ಮುಗಿದಿರುತ್ತದೆ. ಅರೆಯುವ ಗಿರಣಿಗೆ ಬೇಕಾದ್ದು ಮುಖ್ಯವಾಗಿ ಕರೆಂಟು, ಟನ್ನಿಗೆ 30–40 ಯೂನಿಟ್. ಹಾಗಾಗಿ ಬಂದರಿನ ಪಕ್ಕ ಒಂದು ಗಿರಣಿ ಹಾಕಿ, ಹೊರಗಿನಿಂದ ಕ್ಲಿಂಕರ್ ತರಿಸಿ ಅರೆದು ಚೀಲಕ್ಕೆ ತುಂಬಿದರೂ ಕಾಗದದ ಮೇಲೆ ಅದು "ದೇಶೀಯ ಉತ್ಪಾದನೆ".

ಕ್ಲಿಂಕರ್ ಇಷ್ಟೊಂದು ಸಲೀಸಾಗಿ ಸಮುದ್ರ ದಾಟುವುದಕ್ಕೂ ಕಾರಣವಿದೆ. ಚೀಲದಲ್ಲಿಟ್ಟ ಸಿಮೆಂಟ್ ಗಾಳಿಯ ತೇವ ಹೀರಿ ಮೂರು ತಿಂಗಳಲ್ಲಿ ಸುಮಾರು 20 ಪರ್ಸೆಂಟ್, ಆರು ತಿಂಗಳಲ್ಲಿ 30 ಪರ್ಸೆಂಟ್ ಬಲ ಕಳೆದುಕೊಳ್ಳುತ್ತದೆ. ಕ್ಲಿಂಕರ್ ಉಂಡೆಗೆ ತೇವ ತಾಗಿದರೂ ಹೆಚ್ಚಾಗಿ ಹೊರಮೈಗಷ್ಟೇ. ಹಡಗಿನ ಹೊಟ್ಟೆಗೆ ನೇರ ಸುರಿದು ತಿಂಗಳುಗಟ್ಟಲೆ ಇಡಬಹುದು.

ಈಗ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ. ಉದಾಹರಣೆಗಾಗಿ ಒಂದು ದೇಶ. ಗಿರಣಿಗಳಿಂದ ಹೊರಬಂದ ಸಿಮೆಂಟ್ 80 ಲಕ್ಷ ಟನ್. ಅದರಲ್ಲಿ 50 ಲಕ್ಷ ಟನ್ ಆಮದು ಕ್ಲಿಂಕರಿನದು. ಸಿಮೆಂಟ್‌ನಲ್ಲಿ ಕ್ಲಿಂಕರ್ 70 ಪರ್ಸೆಂಟ್, ಉಳಿದದ್ದು ಜಿಪ್ಸಮ್ ಮತ್ತು ಬೆರೆಸುವ ಬೇರೆ ಪುಡಿಗಳು ಅಂತಿಟ್ಟುಕೊಂಡರೆ 35 ಲಕ್ಷ ಟನ್ ಕ್ಲಿಂಕರ್ ಹೊರಗಿನಿಂದ ಬಂದಿದೆ. ಜೊತೆಗೆ ಸಿದ್ಧ ಸಿಮೆಂಟ್ ಆಮದು 5 ಲಕ್ಷ ಟನ್. ರಫ್ತಿಲ್ಲ, ದಾಸ್ತಾನು ಬದಲಾಗಿಲ್ಲ. ನಿಜವಾದ ಬಳಕೆ 85 ಲಕ್ಷ ಟನ್. ಆದರೆ ಕಸ್ಟಮ್ಸ್ ಪಟ್ಟಿಯ 2523 ಅನ್ನೋ ಶೀರ್ಷಿಕೆಯನ್ನು ಇಡಿಯಾಗಿ ಎತ್ತಿಕೊಂಡರೆ ಆಮದು 40 ಲಕ್ಷ, ಒಟ್ಟು ಬಳಕೆ 120 ಲಕ್ಷ ಅಂತ ಬರುತ್ತದೆ. ಅದೇ ಕ್ಲಿಂಕರ್ ಎರಡು ಸಲ ಎಣಿಕೆಯಾಯಿತು. 2523.10 ಕ್ಲಿಂಕರ್, 2523.29 ಬಿಳಿಯಲ್ಲದ ಪೋರ್ಟ್‌ಲ್ಯಾಂಡ್ ಸಿಮೆಂಟ್. ಇವೆರಡನ್ನೂ ಬೇರೆ ಬೇರೆ ಇಟ್ಟೇ ಎಣಿಸಬೇಕು. ಇನ್ನು ಸ್ವಾವಲಂಬನೆ? 80ರಲ್ಲಿ 50 ಕಳೆದರೆ ಸ್ವಂತ ಕ್ಲಿಂಕರಿನಿಂದಾದ ಸಿಮೆಂಟ್ 30 ಲಕ್ಷ ಟನ್. ಅದನ್ನು 85ರಿಂದ ಭಾಗಿಸಿ: 35 ಪರ್ಸೆಂಟ್. ಸಾಮರ್ಥ್ಯದ ಅಂಕಿ ತೋರಿಸಿ ನೂರಕ್ಕೆ ನೂರು ಅನ್ನುವ ದೇಶದ ನಿಜಸ್ಥಿತಿ ಇಷ್ಟೇ ಇರಬಹುದು. ಡಾಲರ್ ಸಿಗದ ತಿಂಗಳು ಗಿರಣಿ ನಿಂತಾಗಲೇ ಅದು ಬಯಲಾಗೋದು.

ಇದಕ್ಕೆ ಗಿರಣಿಯವರನ್ನು ದೂರುವುದು ಸರಿಯಲ್ಲ. ಸುಂಕದ ಪಟ್ಟಿಯೇ ಅವರನ್ನು ಆ ದಾರಿಗೆ ತಳ್ಳುತ್ತದೆ. ಆಮದು ಸಿಮೆಂಟಿನ ಬೆಲೆ 100, ಅದರೊಳಗಿನ ಕ್ಲಿಂಕರಿನ ಬೆಲೆ 60 ಅಂತಿಟ್ಟುಕೊಳ್ಳಿ. ಸಿಮೆಂಟಿಗೆ 20 ಪರ್ಸೆಂಟ್ ಸುಂಕ, ಕ್ಲಿಂಕರಿಗೆ ಸೊನ್ನೆ. ಆಮದು ಸಿಮೆಂಟ್ ಒಳಗೆ ಬರುವಾಗ 120 ಆಗುತ್ತದೆ. 60ಕ್ಕೆ ಕ್ಲಿಂಕರ್ ತಂದು ಅರೆಯುವವನಿಗೆ ಮೊದಲು ಸಿಗುತ್ತಿದ್ದ 40ರ ಜಾಗದಲ್ಲಿ 60 ಸಿಗುತ್ತದೆ. ಹೆಸರಿಗೆ 20 ಪರ್ಸೆಂಟ್ ಸುಂಕ, ಅರೆಯುವ ಕೆಲಸಕ್ಕೆ ಸಿಕ್ಕ ರಕ್ಷಣೆ 50 ಪರ್ಸೆಂಟ್. ಕಿಲ್ನ್ ಹಾಕಿ ಸುಡುವ ಕೆಲಸಕ್ಕೆ ಏನೂ ಇಲ್ಲ. ಗಣಿ ಗುತ್ತಿಗೆ, ವರ್ಷಗಟ್ಟಲೆ ಸಾಲದ ಭಾರ ಹೊತ್ತು ಕಿಲ್ನ್ ಹಾಕಲು ಯಾರು ಮುಂದೆ ಬರುತ್ತಾರೆ? ನನ್ನ ಪ್ರಕಾರ ಸುಣ್ಣದಕಲ್ಲು ಇರುವ ದೇಶ ಕ್ಲಿಂಕರ್ ಸುಂಕವನ್ನು ಹಂತ ಹಂತವಾಗಿ, ಐದಾರು ವರ್ಷದ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸಿ ಏರಿಸಬೇಕು. ರಾತ್ರೋರಾತ್ರಿ ಏರಿಸಿದರೆ ಕಿಲ್ನ್ ಹುಟ್ಟುವುದಿಲ್ಲ, ಚೀಲದ ಬೆಲೆ ಮಾತ್ರ ಏರುತ್ತದೆ.

ನೈಜೀರಿಯಾ ಎರಡೂ ತುದಿ ಕಂಡ ದೇಶ. 1970ರ ದಶಕದ ಮಧ್ಯದಲ್ಲಿ ತೈಲದ ಹಣ ಕೈಗೆ ಬಂದಾಗ ಅಲ್ಲಿನ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟ್‌ಗೆ ಆರ್ಡರ್ ಕೊಟ್ಟಿತು. ಲಾಗೋಸ್ ಬಂದರು ವರ್ಷಕ್ಕೆ ಇಳಿಸಬಲ್ಲದ್ದು ಸುಮಾರು 10 ಲಕ್ಷ ಟನ್. 1975ರಲ್ಲಿ ನೂರಾರು ಹಡಗುಗಳು ಹೊರಗೆ ಲಂಗರು ಹಾಕಿ ನಿಂತವು, ದಿನಬಾಡಿಗೆ ದಂಡ ಏರುತ್ತಾ ಹೋಯಿತು, ಒಳಗಿನ ಸಿಮೆಂಟ್ ಹಾಳಾಯಿತು. ಬೇಡಿಕೆಯ ಅಂದಾಜು ಮಾಡುವಾಗ ಬಂದರಿನ ಕ್ರೇನ್, ಗೋದಾಮು, ಲಾರಿ ಎಷ್ಟಿವೆ ಅಂತ ಎಣಿಸದಿದ್ದರೆ ಹೀಗಾಗುತ್ತದೆ. ಅದೇ ದೇಶ 2002ರ ಹೊತ್ತಿಗೆ ಆಮದು ಪರವಾನಗಿಯನ್ನು ಸ್ಥಳೀಯ ಕಾರ್ಖಾನೆಯಲ್ಲಿ ಹಣ ಹೂಡುವವರಿಗೆ ಕೊಡುವ ನೀತಿ ತಂದಿತು. ಇವತ್ತು ಅದು ಕ್ಲಿಂಕರ್ ರಫ್ತು ಮಾಡುತ್ತದೆ.

ಬಾಂಗ್ಲಾದೇಶದ ಕಥೆ ಬೇರೆ. ಮೆಕ್ಕಲುಮಣ್ಣಿನ ನಾಡು, ಬಳಸಬಲ್ಲ ಸುಣ್ಣದಕಲ್ಲು ಬಹಳ ಕಡಿಮೆ. ಕ್ಲಿಂಕರಿನ ಬಹುಪಾಲು ಹಡಗಿನಲ್ಲೇ ಬರುತ್ತದೆ. ಛಾತಕ್‌ನ ಒಂದು ಕಾರ್ಖಾನೆಗೆ ಮೇಘಾಲಯದ ಗಣಿಯಿಂದ 17 ಕಿಲೋಮೀಟರ್ ಕನ್ವೇಯರ್ ಬೆಲ್ಟ್ ಮೇಲೆ ಗಡಿ ದಾಟಿ ಕಲ್ಲು ಬರುತ್ತದೆ. 2010ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಆ ಗಣಿಗಾರಿಕೆಗೆ ತಡೆ ಕೊಟ್ಟಾಗ 2011ರ ಜುಲೈವರೆಗೆ ಹೊಸ ಕಲ್ಲು ತೆಗೆಯುವ ಹಾಗಿರಲಿಲ್ಲ. ಕಲ್ಲಿಲ್ಲದ ದೇಶಕ್ಕೆ ಕಿಲ್ನ್ ಹಾಕಿ ಅಂತ ಹಟ ಹಿಡಿಯುವುದು ತಪ್ಪು. ಅಲ್ಲಿ ಬೇಕಾದ್ದು ಎರಡು-ಮೂರು ದೇಶಗಳಿಂದ ಖರೀದಿ, ಒಳ್ಳೆಯ ಬಂದರು, ಸಾಕಷ್ಟು ದಾಸ್ತಾನು.

ಕಲ್ಲಿದೆ ಅಂದ ಮಾತ್ರಕ್ಕೂ ಮುಗಿಯಲಿಲ್ಲ. ದಿನಕ್ಕೆ 3,000 ಟನ್‌ನ ಕಿಲ್ನ್ ವರ್ಷಕ್ಕೆ 330 ದಿನ ಓಡಿದರೆ ಸುಮಾರು 10 ಲಕ್ಷ ಟನ್ ಕ್ಲಿಂಕರ್. ಟನ್ನಿಗೆ ಒಂದೂವರೆ ಟನ್ನಿನಷ್ಟು ಕಚ್ಚಾವಸ್ತು, ಅದರಲ್ಲಿ ಬಹುಪಾಲು ಸುಣ್ಣದಕಲ್ಲು. 30 ವರ್ಷಕ್ಕೆ ಸುಮಾರು 4 ಕೋಟಿ ಟನ್ ಕಲ್ಲು ಒಂದೇ ಕಡೆ ಬೇಕು. ಅದರಲ್ಲಿ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಮೂರು-ಮೂರೂವರೆ ಪರ್ಸೆಂಟ್ ದಾಟಬಾರದು. ದಾಟಿದರೆ ಕಾಂಕ್ರೀಟ್ ಗಟ್ಟಿಯಾದ ಎಷ್ಟೋ ತಿಂಗಳು, ವರ್ಷಗಳ ಮೇಲೆ ಅದು ನೀರು ಕುಡಿದು ಉಬ್ಬಿ ಬಿರುಕು ಬಿಡಿಸುತ್ತದೆ. ಇನ್ನು ಕರೆಂಟು. ಕೆಂಪಗೆ ಕಾದ ಕಿಲ್ನ್ ತಿರುಗದೆ ನಿಂತರೆ ಉಕ್ಕಿನ ಕೊಳವೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅದಕ್ಕೇ ಡೀಸೆಲ್ ಮೋಟಾರಿನಿಂದ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಪದೇ ಪದೇ ಆರಿ ಕಾದರೆ ಒಳಗಿನ ಶಾಖನಿರೋಧಕ ಇಟ್ಟಿಗೆ ಸಿಡಿದು ಉದುರುತ್ತದೆ, ಮತ್ತೆ ಬಿಸಿಯೇರಿಸಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ವಿದ್ಯುತ್ ಸರಿಯಿಲ್ಲದ ದೇಶದಲ್ಲಿ ಆ 330 ದಿನದ ಲೆಕ್ಕ ನಂಬಬೇಡಿ.

ಆಮದು ತಗ್ಗಿಸಲು ಇನ್ನೂ ಹತ್ತಿರದ ದಾರಿ ಕ್ಲಿಂಕರಿನ ಪಾಲನ್ನೇ ಇಳಿಸುವುದು. ಅದರ ಬದಲು ಬೆರೆಸಲು ಹಾರುಬೂದಿ (ಕಲ್ಲಿದ್ದಲು ಸುಟ್ಟ ಬೂದಿ), ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ) ಸಿಗುವ ಕಡೆ ಅವು ಸರಿ. ಆದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆ ಇಲ್ಲದ ದೇಶ ಅವನ್ನೂ ಆಮದೇ ಮಾಡಬೇಕು. ಉಷ್ಣವಲಯದ ಹಲವು ಕಡೆ ಸಿಗುವ ಕಯೋಲಿನ್ ಜೇಡಿಮಣ್ಣು ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್‌ಸಿ3 ಅನ್ನುವ ಮಿಶ್ರಣದಲ್ಲಿ ಕ್ಲಿಂಕರ್ 50, ಸುಟ್ಟ ಜೇಡಿ 30, ಸುಡದ ಸುಣ್ಣದಕಲ್ಲು 15, ಜಿಪ್ಸಮ್ 5. ಜೇಡಿಯನ್ನು 700–850 ಡಿಗ್ರಿಗೆ ಸುಟ್ಟರೆ ಸಾಕು; ಕಯೋಲಿನ್ ಅಂಶ ಸುಮಾರು 40 ಪರ್ಸೆಂಟ್ ಇರಲಿ. ಮಿಶ್ರ ಸಿಮೆಂಟಿಗೆ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಏಳು ದಿನದ ಬದಲು ಹತ್ತು ದಿನವಾದರೂ ಮಾಡಬೇಕು. ಮಾರುಕಟ್ಟೆಯಲ್ಲಿ ಎದುರಾಗುವ ತೊಡಕು ಬಣ್ಣದ್ದು. ಮಣ್ಣಿನಲ್ಲಿ ಕಬ್ಬಿಣವಿದ್ದರೆ ಸಿಮೆಂಟ್ ಕೆಂಪಗಾಗುತ್ತದೆ, ಕೊಳ್ಳುವವರು ಕಲಬೆರಕೆ ಅಂತ ವಾಪಸ್ ಕಳಿಸುತ್ತಾರೆ. ಬಲಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಆದರೂ ಸುಟ್ಟ ಜೇಡಿಯನ್ನು ಆಮ್ಲಜನಕ ಕಡಿಮೆ ಇರುವ ಗಾಳಿಯಲ್ಲಿ ತಣಿಸಿದರೆ ಅದು ಬೂದು ಬಣ್ಣಕ್ಕೇ ಬರುತ್ತದೆ.